ಸಿಬಿಎಸ್‌ಇ ಹತ್ತನೇ ತರಗತಿಯ ಹಳೆ ಸಿಜಿಪಿಎ ಪ್ರಮಾಣಪತ್ರ: ಓದುವ ಬಗೆ, ಶೇಕಡಾ ಲೆಕ್ಕ, ಅರ್ಜಿ ತುಂಬುವ ಕ್ರಮ

ಯಾವ ಉದ್ಯೋಗದ ಅರ್ಜಿ ತೆರೆದರೂ ಹತ್ತನೇ ತರಗತಿಯ ಹೆಸರಿನಲ್ಲಿ ಮೂರು ಖಾನೆಗಳು ಇದ್ದೇ ಇರುತ್ತವೆ: ಗರಿಷ್ಠ ಅಂಕ, ಪಡೆದ ಅಂಕ, ಶೇಕಡಾವಾರು. ರಾಜ್ಯದ ಎಸ್ಸೆಸ್ಸೆಲ್ಸಿ ಮಾಡಿದವರು ಮೊದಲ ಖಾನೆಯಲ್ಲಿ 625 ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. 2010ರಿಂದ 2017ರವರೆಗೆ ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು ಮಾತ್ರ ಅಲ್ಲೇ ನಿಂತುಬಿಡುತ್ತಾರೆ. ಅವರ ಪ್ರಮಾಣಪತ್ರದಲ್ಲಿ ಅಂಕಗಳೇ ಇಲ್ಲ. ಎ1, ಬಿ2 ಎಂಬ ಗ್ರೇಡುಗಳಿವೆ, ಕೆಳಗೆ 8.6 ಎಂದೋ 9.2 ಎಂದೋ ಒಂದು ಸಿಜಿಪಿಎ, ಅಂದರೆ ಗ್ರೇಡ್ ಪಾಯಿಂಟುಗಳ ಸರಾಸರಿ, ಇದೆ.

ಆ ಪದ್ಧತಿ ನಿಂತುಹೋಗಿ ವರ್ಷಗಳಾದವು. ಅದರಡಿ ಓದಿದವರು ಈಗ ಕೆಲಸ ಹುಡುಕುವ, ಕೆಲಸ ಬದಲಿಸುವ, ಹೊರದೇಶಕ್ಕೆ ಹೊರಡುವ ವಯಸ್ಸಿನವರು. ಕೇಂದ್ರೀಯ ವಿದ್ಯಾಲಯ, ಜಿಲ್ಲೆಗಳ ನವೋದಯ, ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆ, ಬೆಂಗಳೂರು ಮೈಸೂರುಗಳ ಖಾಸಗಿ ಶಾಲೆಗಳು, ದುಬೈ ಮಸ್ಕತ್‌ಗಳಲ್ಲಿ ಓದಿ ಮಂಗಳೂರು ಉಡುಪಿಗೆ ಮರಳಿದ ಕುಟುಂಬಗಳ ಮಕ್ಕಳು, ಹೀಗೆ ಕನ್ನಡಿಗರಲ್ಲೇ ಇಂಥವರು ಬೇಕಾದಷ್ಟು ಜನರಿದ್ದಾರೆ. ಅರ್ಜಿ ತುಂಬುವಾಗ ಪಕ್ಕದವರು ಹೇಳಿದ ಲೆಕ್ಕವನ್ನು ನಂಬಿ, ದಾಖಲೆ ಪರಿಶೀಲನೆಯ ದಿನ ತೊಂದರೆಗೆ ಸಿಕ್ಕಿಕೊಳ್ಳುವುದು ಇವರಿಗೆ ತಪ್ಪಬೇಕು. ಅದಕ್ಕೆಂದೇ ಈ ಬರಹ. ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡೇ ಓದಿ.

ಹಂತ 1: ನಿಮ್ಮ ವರ್ಷ ಯಾವುದು ನೋಡಿ

ಎಲ್ಲಕ್ಕಿಂತ ಮೊದಲು ಪರೀಕ್ಷೆಯ ವರ್ಷ ನೋಡಬೇಕು. 2009 ಮತ್ತು ಅದಕ್ಕೂ ಹಿಂದಿನವರಾದರೆ ನಿಮ್ಮ ಅಂಕಪಟ್ಟಿಯಲ್ಲಿ ಅಂಕಗಳೇ ಇರುತ್ತವೆ, ಈ ಲೇಖನದ ಅಗತ್ಯವಿಲ್ಲ. 2010ರಲ್ಲಿ ಹತ್ತನೇ ತರಗತಿಯ ಫಲಿತಾಂಶ ಮೊದಲ ಬಾರಿಗೆ ಗ್ರೇಡಿನಲ್ಲಿ ಬಂತು. 2011ರಿಂದ ಬೋರ್ಡ್ ಪರೀಕ್ಷೆಯೇ ಐಚ್ಛಿಕವಾಯಿತು. 2017ರ ತಂಡವೇ ಕೊನೆಯದು. 2018ರ ಮಾರ್ಚ್‌ನಲ್ಲಿ ಎಲ್ಲರಿಗೂ ಬೋರ್ಡ್ ಪರೀಕ್ಷೆ ಕಡ್ಡಾಯವಾಗಿ ಮರಳಿತು, ಅಂಕಗಳೂ ಮರಳಿದವು.

2018ರ ನಂತರದವರಿಗೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. ನಿಮ್ಮ ಅಂಕಪಟ್ಟಿಯಲ್ಲೂ ಎ1, ಎ2, ಬಿ1 ಎಂದೇ ಇರುತ್ತದೆ. ಆದರೆ ಅದು ಬೇರೆಯೇ ಪದ್ಧತಿ. ಆ ವಿಷಯದಲ್ಲಿ ತೇರ್ಗಡೆಯಾದ ಎಲ್ಲರನ್ನೂ ಅಂಕದ ಕ್ರಮದಲ್ಲಿ ನಿಲ್ಲಿಸಿ, ಮೊದಲ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಎಂಟನೇ ಒಂದು ಭಾಗಕ್ಕೆ ಎ2, ಹೀಗೆ ಕೊಡುತ್ತಾ ಹೋಗುವ ಗ್ರೇಡ್ ಅದು. ಅಲ್ಲಿ ಎ1 ಎಂದರೆ 91ಕ್ಕೆ ಮೇಲೆ ಎಂಬ ಖಾತ್ರಿ ಇಲ್ಲ. ಹನ್ನೆರಡನೇ ತರಗತಿಯ ಸಿಬಿಎಸ್‌ಇ ಅಂಕಪಟ್ಟಿಯ ಗ್ರೇಡೂ ಇದೇ ಜಾತಿಯದು. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವ 9.5ರ ಗುಣಾಕಾರವನ್ನು (ಹಂತ 5 ನೋಡಿ) ಇವಕ್ಕೆ ಯಾವತ್ತೂ ಹಚ್ಚಬಾರದು. ಅಂಕ ಮುದ್ರಿಸಿರುವಾಗ ಅಂಕವನ್ನೇ ಬರೆಯಿರಿ.

ಹಂತ 2: ಪ್ರಮಾಣಪತ್ರವನ್ನು ಸಾಲು ಸಾಲಾಗಿ ಓದಿ

ಎಡಗಡೆ ವಿಷಯದ ಸಂಕೇತ ಸಂಖ್ಯೆ ಇರುತ್ತದೆ. ಗಣಿತ 041, ವಿಜ್ಞಾನ 086, ಸಮಾಜ ವಿಜ್ಞಾನ 087, ಕನ್ನಡ 015. ಕನ್ನಡವನ್ನು ಭಾಷೆಯಾಗಿ ಓದಿದವರು ಆ 015ರ ಸಾಲನ್ನು ಗುರುತು ಮಾಡಿಟ್ಟುಕೊಳ್ಳಿ. ಸ್ಥಳೀಯ ಭಾಷೆ ಓದಿದ್ದಕ್ಕೆ ದಾಖಲೆ ಕೇಳುವ ಹುದ್ದೆಗಳಲ್ಲಿ ಈ ಒಂದು ಸಾಲು ದೊಡ್ಡ ಆಧಾರ.

ವಿಷಯದ ಮುಂದೆ ಎಫ್‌ಎ (ತರಗತಿಯೊಳಗಿನ ಮೌಲ್ಯಮಾಪನ), ಎಸ್‌ಎ (ಕೂತು ಬರೆಯುವ ಪರೀಕ್ಷೆ), ಒಟ್ಟು ಎಂದು ಗ್ರೇಡುಗಳು, ಕೊನೆಗೆ ಜಿಪಿ ಎಂದರೆ ಗ್ರೇಡ್ ಪಾಯಿಂಟ್. ನಿಮಗೆ ಬೇಕಾದದ್ದು ಒಟ್ಟು ಗ್ರೇಡ್ ಮತ್ತು ಜಿಪಿ ಮಾತ್ರ. ಎಫ್‌ಎಯಲ್ಲಿ ಎ1 ಬಂದು ಒಟ್ಟು ಎ2 ಇದ್ದರೆ ಲೆಕ್ಕಕ್ಕೆ ಬರುವುದು ಎ2.

ಫಲಿತಾಂಶದ ಜಾಗದಲ್ಲಿ 'ಪಾಸ್' ಎಂಬ ಪದ ಹುಡುಕಬೇಡಿ, ಸಿಗುವುದಿಲ್ಲ. ಅಲ್ಲಿ 'ಕ್ಯೂಯುಎಎಲ್' (QUAL) ಎಂಬ ನಾಲ್ಕು ಅಕ್ಷರ ಇದ್ದರೆ ಮುಂದಿನ ತರಗತಿಗೆ ಅರ್ಹ ಎಂದರ್ಥ, ಅಂದರೆ ತೇರ್ಗಡೆ. ಐದೂ ವಿಷಯಗಳಲ್ಲಿ ಕನಿಷ್ಠ ಡಿ ಬಂದವರಿಗೆ ಮಾತ್ರ ಇದನ್ನು ಕೊಡುತ್ತಿದ್ದರು. 'ಇಐಓಪಿ' (EIOP) ಎಂದಿದ್ದರೆ ಯಾವುದೋ ವಿಷಯದಲ್ಲಿ ಇ1 ಅಥವಾ ಇ2 ಬಂದು, ಸುಧಾರಣಾ ಪರೀಕ್ಷೆಗೆ ಅರ್ಹ ಎಂಬ ಸೂಚನೆ. ಅಂಥವರು ನಂತರ ಆ ಪರೀಕ್ಷೆ ಮುಗಿಸಿ ಪಡೆದ ಪ್ರಮಾಣಪತ್ರವನ್ನೇ ಅರ್ಜಿಗೆ ಬಳಸಬೇಕು.

ಆ ಪ್ರಮಾಣಪತ್ರಗಳಲ್ಲಿ ಒಂಬತ್ತನೇ ತರಗತಿಯ ಗ್ರೇಡುಗಳೂ ಹತ್ತನೆಯದರ ಪಕ್ಕದಲ್ಲೇ ಇರುತ್ತವೆ. ಅವಸರದಲ್ಲಿ ಆ ಭಾಗದ ಸಂಖ್ಯೆಯನ್ನು ಎತ್ತಿ ಬರೆಯುವವರಿದ್ದಾರೆ. ತರಗತಿಯ ಹೆಸರು ನೋಡಿಯೇ ಬೆರಳಿಡಿ. ಇನ್ನು ಜೀವನ ಕೌಶಲ, ಕಾರ್ಯಾನುಭವ, ಕಲೆ, ಮನೋಭಾವ, ಆರೋಗ್ಯ ಮತ್ತು ದೈಹಿಕ ಶಿಕ್ಷಣ ಎಂದು ವಿವರಣೆ ಸಮೇತ ಬರುವ ಸಹಪಠ್ಯ ಭಾಗ. ಅದರ ಗ್ರೇಡುಗಳನ್ನು ಸಿಜಿಪಿಎಗೆ ನೇರವಾಗಿ ಕೂಡಿಸುತ್ತಿರಲಿಲ್ಲ.

ಹಂತ 3: ಒಂದು ಗ್ರೇಡ್ ಹೇಗೆ ಹುಟ್ಟಿತು ಎಂದು ತಿಳಿದುಕೊಳ್ಳಿ

ಈ ಹಂತವನ್ನು ಹಾರಿಸಬೇಡಿ. ಸಂದರ್ಶನದಲ್ಲಿ, ದಾಖಲೆ ಪರಿಶೀಲನೆಯಲ್ಲಿ 'ಇದೇನು, ನಿಮ್ಮದು ಬೋರ್ಡ್ ಪರೀಕ್ಷೆಯೇ ಅಲ್ಲವಂತೆ?' ಎಂದು ಕೇಳಿದರೆ ನೇರವಾಗಿ ಉತ್ತರ ಹೇಳಲು ಇದು ಬೇಕಾಗುತ್ತದೆ.

ಪದ್ಧತಿಯ ಹೆಸರು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಎಲ್ಲರ ಬಾಯಲ್ಲಿ ಸಿಸಿಇ. ಕಪಿಲ್ ಸಿಬಲ್ ಕೇಂದ್ರದ ಮಾನವ ಸಂಪನ್ಮೂಲ ಸಚಿವರಾಗಿದ್ದಾಗ, 2009ರಲ್ಲಿ ಸಿಬಿಎಸ್‌ಇ ಇದನ್ನು ಒಂಬತ್ತನೇ ತರಗತಿಯಿಂದ ಶುರು ಮಾಡಿತು. ಒಂದೇ ಪರೀಕ್ಷೆಯ ಭಯ ಮಕ್ಕಳ ತಲೆಯ ಮೇಲೆ ಕೂರಬಾರದು, ಒಂದೆರಡು ಅಂಕದ ವ್ಯತ್ಯಾಸಕ್ಕೆ ಮಕ್ಕಳನ್ನು ಮೇಲುಕೀಳು ಮಾಡಬಾರದು ಎಂಬುದು ಉದ್ದೇಶ. ಆ ಉದ್ದೇಶ ಒಳ್ಳೆಯದೇ ಆಗಿತ್ತು ಎಂದು ಈಗಲೂ ನಂಬುತ್ತೇನೆ. ಆದರೆ ಪ್ರಮಾಣಪತ್ರ ಕೊಟ್ಟ ಮೇಲೆ ಅದನ್ನು ಓದಬೇಕಾದ ಕಚೇರಿಗಳನ್ನು ಯಾರೂ ಸಿದ್ಧಗೊಳಿಸಲಿಲ್ಲ. ಅದರ ಭಾರ ಇವತ್ತಿಗೂ ಆ ಮಕ್ಕಳ ಹೆಗಲ ಮೇಲೇ ಇದೆ.

ವರ್ಷಕ್ಕೆ ನಾಲ್ಕು ಎಫ್‌ಎ ಇರುತ್ತಿದ್ದವು. ಎಫ್‌ಎ ಎಂದರೆ ತರಗತಿಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನ: ಪ್ರಾಜೆಕ್ಟ್, ರಸಪ್ರಶ್ನೆ, ಕಿರುಪರೀಕ್ಷೆ, ಗುಂಪು ಚಟುವಟಿಕೆ. ಒಂದೊಂದಕ್ಕೆ ಶೇ 10, ಒಟ್ಟು ಶೇ 40. ಜೊತೆಗೆ ಎರಡು ಎಸ್‌ಎ, ಎಂದರೆ ಮೂರು ಗಂಟೆ ಕೂತು ಬರೆಯುವ ಸಂಕಲನಾತ್ಮಕ ಪರೀಕ್ಷೆಗಳು. ಎರಡೂ ಸೇರಿ ಶೇ 60. ಆರಂಭದಲ್ಲಿ ಮೊದಲ ಎಸ್‌ಎಗೆ 20, ಎರಡನೆಯದಕ್ಕೆ 40 ಇತ್ತು. ಆಮೇಲೆ ಎರಡಕ್ಕೂ 30 ಮಾಡಿದರು.

ಒಂದು ವಿಷಯದ ಲೆಕ್ಕ ಮಾಡೋಣ. ಒಬ್ಬ ವಿದ್ಯಾರ್ಥಿನಿಗೆ ವಿಜ್ಞಾನದ ನಾಲ್ಕು ಎಫ್‌ಎಗಳಲ್ಲಿ ಹತ್ತಕ್ಕೆ 8.5, 9, 7.5, 9 ಬಂದಿವೆ ಎನ್ನಿ. ಕೂಡಿದರೆ 40ಕ್ಕೆ 34. ಮೊದಲ ಎಸ್‌ಎಯಲ್ಲಿ 90ಕ್ಕೆ 72, ಅಂದರೆ 30ಕ್ಕೆ ಇಳಿಸಿದಾಗ 24. ಎರಡನೆಯದರಲ್ಲಿ 90ಕ್ಕೆ 81, ಅಂದರೆ 27. ಒಟ್ಟು 34, 24, 27 ಸೇರಿ 85. ಆ 85 ಪ್ರಮಾಣಪತ್ರಕ್ಕೆ ಬರುವುದಿಲ್ಲ. ಅದು ಯಾವ ಪಟ್ಟಿಯೊಳಗೆ ಬೀಳುತ್ತದೆ ಎಂಬುದಷ್ಟೇ ಬರುತ್ತದೆ. ಪಟ್ಟಿ ಹೀಗಿತ್ತು:

91ರಿಂದ 100: ಎ1, ಗ್ರೇಡ್ ಪಾಯಿಂಟ್ 10
81ರಿಂದ 90: ಎ2, ಗ್ರೇಡ್ ಪಾಯಿಂಟ್ 9
71ರಿಂದ 80: ಬಿ1, ಗ್ರೇಡ್ ಪಾಯಿಂಟ್ 8
61ರಿಂದ 70: ಬಿ2, ಗ್ರೇಡ್ ಪಾಯಿಂಟ್ 7
51ರಿಂದ 60: ಸಿ1, ಗ್ರೇಡ್ ಪಾಯಿಂಟ್ 6
41ರಿಂದ 50: ಸಿ2, ಗ್ರೇಡ್ ಪಾಯಿಂಟ್ 5
33ರಿಂದ 40: ಡಿ, ಗ್ರೇಡ್ ಪಾಯಿಂಟ್ 4
21ರಿಂದ 32: ಇ1, 20 ಮತ್ತು ಅದಕ್ಕಿಂತ ಕಡಿಮೆ: ಇ2. ಇವೆರಡೂ ತೇರ್ಗಡೆಗೆ ಸಾಲವು.

ನಮ್ಮ ವಿದ್ಯಾರ್ಥಿನಿಯ 85 ಎ2 ಆಯಿತು, ಪಾಯಿಂಟ್ 9. ಪಕ್ಕದಲ್ಲಿ ಕೂತವಳ 81ಕ್ಕೂ ಅದೇ 9, ಹಿಂದಿನ ಬೆಂಚಿನವಳ 90ಕ್ಕೂ ಅದೇ 9. ಸಹಪಠ್ಯ ಭಾಗದಲ್ಲಿ ಚೆನ್ನಾಗಿ ಮಾಡಿದವರಿಗೆ ಎರಡು ವಿಷಯಗಳವರೆಗೆ ಗ್ರೇಡನ್ನು ಒಂದು ಮೆಟ್ಟಿಲು ಏರಿಸುವ ಅವಕಾಶವೂ ಇತ್ತು. ಹಾಗಾಗಿ ಗ್ರೇಡ್ ನೋಡಿ ಮೂಲ ಅಂಕವನ್ನು ಹೊರಗೆಳೆಯಲು ಯಾವ ದಾರಿಯೂ ಇಲ್ಲ.

ಇನ್ನು ಬೋರ್ಡ್ ಪರೀಕ್ಷೆಯ ಪ್ರಶ್ನೆ. 2011ರಿಂದ ಎರಡನೇ ಎಸ್‌ಎಯನ್ನು ಎರಡು ಬಗೆಯಲ್ಲಿ ಬರೆಯಬಹುದಿತ್ತು: ಬೋರ್ಡ್ ನಡೆಸುವುದು, ಶಾಲೆ ನಡೆಸುವುದು. ಹತ್ತನೇ ತರಗತಿಯವರೆಗೆ ಮಾತ್ರ ಇದ್ದ ಶಾಲೆಗಳ ಮಕ್ಕಳು ಬೋರ್ಡಿನದನ್ನೇ ಬರೆಯಬೇಕಿತ್ತು. ಹನ್ನೆರಡರವರೆಗೆ ಇದ್ದ ಶಾಲೆಯಲ್ಲಿ ಓದಿ, ಮುಂದೆಯೂ ಸಿಬಿಎಸ್‌ಇಯಲ್ಲೇ ಉಳಿಯುವವರಿಗೆ ಆಯ್ಕೆ ಇತ್ತು. ಕರ್ನಾಟಕದಲ್ಲಿ ಹತ್ತು ಮುಗಿಸಿ ಪಿಯುಸಿಗೆ ಹಾರುವವರು ಬಹಳ, ಹಾಗಾಗಿ ಬೋರ್ಡಿನ ಪರೀಕ್ಷೆಯನ್ನೇ ಆರಿಸಿಕೊಂಡ ಮನೆಗಳೂ ಕಡಿಮೆಯಿರಲಿಲ್ಲ. ಯಾವ ಬಗೆಯಲ್ಲಿ ಬರೆದಿದ್ದರೂ ಪ್ರಮಾಣಪತ್ರ ಕೊಟ್ಟದ್ದು ಸಿಬಿಎಸ್‌ಇಯೇ, ಎರಡಕ್ಕೂ ಒಂದೇ ಬೆಲೆ. ಶಾಲೆಯಲ್ಲಿ ಬರೆದೆ ಎಂದು ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಹಂತ 4: ಸಿಜಿಪಿಎ ಸರಿಯಿದೆಯೇ ಎಂದು ನೀವೇ ಕೂಡಿ ನೋಡಿ

ಸಿಜಿಪಿಎ ಎಂದರೆ ಐದು ಮುಖ್ಯ ವಿಷಯಗಳ ಗ್ರೇಡ್ ಪಾಯಿಂಟುಗಳ ಸರಾಸರಿ, ಬೇರೇನಿಲ್ಲ. ಆರನೆಯದಾಗಿ ತೆಗೆದುಕೊಂಡ ಹೆಚ್ಚುವರಿ ವಿಷಯವನ್ನು ಬಿಡಬೇಕು.

ಇಂಗ್ಲಿಷ್ ಎ1, ಕನ್ನಡ ಎ2, ಗಣಿತ ಬಿ1, ವಿಜ್ಞಾನ ಎ2, ಸಮಾಜ ಎ1 ಎಂದಿಟ್ಟುಕೊಳ್ಳಿ. 10, 9, 8, 9, 10 ಕೂಡಿದರೆ 46. ಐದರಿಂದ ಭಾಗಿಸಿದರೆ 9.2.

ಐದು ಪೂರ್ಣಸಂಖ್ಯೆಗಳನ್ನು ಐದರಿಂದ ಭಾಗಿಸುವುದರಿಂದ ಚುಕ್ಕೆಯ ನಂತರ ಬರುವ ಅಂಕಿ ಯಾವಾಗಲೂ 0, 2, 4, 6, 8 ಇವುಗಳಲ್ಲಿ ಒಂದಾಗಿರುತ್ತದೆ. ಈ ಪದ್ಧತಿಯ ಹತ್ತನೇ ತರಗತಿಯಲ್ಲಿ 9.1 ಅಥವಾ 8.7 ಎಂಬ ಸಿಜಿಪಿಎ ಬರಲು ಸಾಧ್ಯವಿಲ್ಲ. ನಿಮ್ಮ ಹಳೆ ಬಯೋಡೇಟಾದಲ್ಲೋ, ಯಾವುದೋ ಪೋರ್ಟಲ್ಲಿನ ಪ್ರೊಫೈಲ್‌ನಲ್ಲೋ ಅಂಥ ಸಂಖ್ಯೆ ಇದ್ದರೆ ಈಗಲೇ ಪ್ರಮಾಣಪತ್ರ ತೆಗೆದು ತಾಳೆ ನೋಡಿ, ತಿದ್ದಿ. ಬಹುಪಾಲು ಆರನೇ ವಿಷಯವನ್ನೂ ಸೇರಿಸಿ ಭಾಗಿಸಿದಾಗ ಹೀಗಾಗಿರುತ್ತದೆ.

ಹಂತ 5: ಶೇಕಡಾಕ್ಕೆ ಬದಲಾಯಿಸಿ, 9.5ರಿಂದ ಮಾತ್ರ

ಸೂತ್ರವನ್ನು ಸಿಬಿಎಸ್‌ಇಯೇ ಕೊಟ್ಟಿದೆ, ಪ್ರಮಾಣಪತ್ರದ ಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಟ್ಟಾರೆ ಸೂಚಕ ಶೇಕಡಾವಾರು ಬೇಕಿದ್ದರೆ ಸಿಜಿಪಿಎಯನ್ನು 9.5ರಿಂದ ಗುಣಿಸಿ. ಒಂದೇ ವಿಷಯದ್ದು ಬೇಕಿದ್ದರೆ ಆ ವಿಷಯದ ಗ್ರೇಡ್ ಪಾಯಿಂಟನ್ನು 9.5ರಿಂದ ಗುಣಿಸಿ. ಮೇಲಿನ 9.2ಕ್ಕೆ ಬರುವುದು 87.4.

'10ಕ್ಕೆ 9.2, ಅಂದರೆ ಶೇ 92 ತಾನೇ?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಯಾಕೆ ಅಲ್ಲ ಎಂದು ಅದೇ ಐದು ಗ್ರೇಡುಗಳನ್ನು ಬಿಡಿಸಿ ನೋಡಿ. ಪ್ರತಿ ಗ್ರೇಡಿನ ಕೆಳಗಿನ ಅಂಚು ತೆಗೆದುಕೊಂಡರೆ 91, 81, 71, 81, 91. ಕೂಡಿದರೆ 500ಕ್ಕೆ 415, ಶೇ 83. ಮೇಲಿನ ಅಂಚು ತೆಗೆದುಕೊಂಡರೆ 100, 90, 80, 90, 100. ಕೂಡಿದರೆ 460, ಶೇ 92. ಅಂದರೆ ಈ ವಿದ್ಯಾರ್ಥಿಯ ನಿಜವಾದ ಅಂಕ 83 ಮತ್ತು 92ರ ನಡುವೆ ಎಲ್ಲೋ ಇತ್ತು. 10ರಿಂದ ಗುಣಿಸಿದರೆ ಸಿಗುವುದು ಎಲ್ಲ ವಿಷಯಗಳಲ್ಲೂ ಅಂಚಿನ ಕಟ್ಟಕಡೆಯ ಅಂಕವನ್ನೇ ಪಡೆದಿದ್ದರೆ ಬರುತ್ತಿದ್ದ ಗರಿಷ್ಠ ಸಂಖ್ಯೆ. 9.5ರಿಂದ ಗುಣಿಸಿದರೆ ಸಿಗುವುದು ಆ ಪಟ್ಟಿಯ ನಡುಭಾಗ. ಎ1ಕ್ಕೆ 95, ಎ2ಕ್ಕೆ 85.5, ಬಿ1ಕ್ಕೆ 76, ಬಿ2ಕ್ಕೆ 66.5, ಸಿ1ಕ್ಕೆ 57, ಸಿ2ಕ್ಕೆ 47.5, ಡಿಗೆ 38. ಎಲ್ಲವೂ ಆಯಾ ಪಟ್ಟಿಯ ಮಧ್ಯದ ಆಸುಪಾಸಿನಲ್ಲೇ ಬಂದು ಕೂರುತ್ತವೆ. ಈ ಕಾರಣಕ್ಕೇ 9.5 ನ್ಯಾಯವಾದ ಸಂಖ್ಯೆ.

ಹೀಗಾಗಿ 10ಕ್ಕೆ 10 ಸಿಜಿಪಿಎ ಪಡೆದವರೂ ಶೇ 95ಕ್ಕಿಂತ ಹೆಚ್ಚು ಬರೆಯುವಂತಿಲ್ಲ. 98, 99 ಪಡೆದು ಎ1 ಆದವರಿಗೆ ಇದು ನಷ್ಟ, 91ರಲ್ಲಿ ನಿಂತವರಿಗೆ ಲಾಭ. ಐದೂ ವಿಷಯಗಳಲ್ಲಿ 90 ಬಂದ ಮಗುವಿಗೆ 9.0, ಅಂದರೆ ಶೇ 85.5. ಐದರಲ್ಲೂ 91 ಬಂದ ಮಗುವಿಗೆ 10, ಅಂದರೆ ಶೇ 95. ವಿಷಯಕ್ಕೆ ಒಂದೊಂದೇ ಅಂಕದ ಅಂತರ ಶೇಕಡಾದಲ್ಲಿ ಒಂಬತ್ತೂವರೆಯಾಯಿತು. ಅಂಕದ ಹಿಂದೆ ಓಡಬೇಡಿ ಎಂದು ತಂದ ಪದ್ಧತಿಯನ್ನು ಮತ್ತೆ ಅಂಕವಾಗಿ ತಿರುಗಿಸಿದಾಗ ಇಂಥ ಅನ್ಯಾಯ ಆಗಿಯೇ ಆಗುತ್ತದೆ. ಅದರ ಹೊಣೆ ವಿದ್ಯಾರ್ಥಿಯದಲ್ಲ.

ಪದೇ ಪದೇ ಬೇಕಾಗುವ ಸಂಖ್ಯೆಗಳು ಇಲ್ಲಿವೆ:

10 ಇದ್ದರೆ 95, 9.8ಕ್ಕೆ 93.1, 9.6ಕ್ಕೆ 91.2, 9.4ಕ್ಕೆ 89.3; 9.2ಕ್ಕೆ 87.4
9.0ಕ್ಕೆ 85.5, 8.8ಕ್ಕೆ 83.6, 8.6ಕ್ಕೆ 81.7, 8.4ಕ್ಕೆ 79.8, 8.2ಕ್ಕೆ 77.9
8.0ಕ್ಕೆ 76, 7.8ಕ್ಕೆ 74.1, 7.6ಕ್ಕೆ 72.2, 7.4ಕ್ಕೆ 70.3, 7.2ಕ್ಕೆ 68.4
7.0ಕ್ಕೆ 66.5; 6.8ಕ್ಕೆ 64.6, 6.6ಕ್ಕೆ 62.7, 6.4ಕ್ಕೆ 60.8, 6.2ಕ್ಕೆ 58.9; 6.0ಕ್ಕೆ 57

ಕಟಾಫ್ ಲೆಕ್ಕದಲ್ಲಿ ಹೇಳುವುದಾದರೆ, ಶೇ 60 ಕೇಳುವ ಕಡೆ ಕನಿಷ್ಠ 6.4 ಬೇಕು. ಶೇ 75ಕ್ಕೆ 8.0, ಶೇ 80ಕ್ಕೆ 8.6, ಶೇ 90ಕ್ಕೆ 9.6. ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಪಸ್ ನೇಮಕಾತಿಯಲ್ಲಿ ಹತ್ತು, ಹನ್ನೆರಡು, ಪದವಿ ಮೂರರಲ್ಲೂ ಶೇ 60 ಎಂಬ ನಿಯಮ ಕೇಳಿಬರುವುದುಂಟು. 6.2 ಇದ್ದವರಿಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ. ನಾಲ್ಕು ಸಿ1, ಒಂದು ಬಿ2 ಇದ್ದವರ ಮೂಲ ಅಂಕ ಶೇ 53ರಿಂದ 62ರ ನಡುವೆ ಎಲ್ಲಿ ಬೇಕಾದರೂ ಇದ್ದಿರಬಹುದು, ಲೆಕ್ಕ ಮಾತ್ರ 58.9 ಎನ್ನುತ್ತದೆ. ಆದರೂ ಅದನ್ನು 60 ಎಂದು ಬರೆಯಬೇಡಿ. ದಾಖಲೆ ಪರಿಶೀಲನೆಯಲ್ಲಿ ಗುಣಾಕಾರ ಮಾಡಿ ನೋಡುವುದು ಒಂದು ಕ್ಷಣದ ಕೆಲಸ, ಸುಳ್ಳು ಮಾಹಿತಿ ಎಂಬ ಹಣೆಪಟ್ಟಿ ಬಿದ್ದರೆ ಅಳಿಸುವುದು ಕಷ್ಟ. ಅಂಥವರು ನೇಮಕಾತಿ ವಿಭಾಗಕ್ಕೆ ಮೊದಲೇ ಇಮೇಲ್ ಬರೆದು, ತಮ್ಮದು ಗ್ರೇಡ್ ಪ್ರಮಾಣಪತ್ರ, ಅಂಕ ಮುದ್ರಣವಾಗಿಲ್ಲ, ಹೇಗೆ ಪರಿಗಣಿಸುತ್ತೀರಿ ಎಂದು ಕೇಳಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಈ 9.5 ಸಿಬಿಎಸ್‌ಇ ಹತ್ತನೇ ತರಗತಿಗೆ ಮಾತ್ರ. ಎಂಜಿನಿಯರಿಂಗ್ ಸಿಜಿಪಿಎಗೆ ಹಚ್ಚಿದರೆ ಲೆಕ್ಕ ಕೆಡುತ್ತದೆ. ಉದಾಹರಣೆಗೆ ವಿಟಿಯು ತನ್ನ ಕೆಲವು ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಸ್ಕೀಮುಗಳಲ್ಲಿ ಸಿಜಿಪಿಎಯಿಂದ 0.75 ಕಳೆದು, ಉಳಿದದ್ದನ್ನು 10ರಿಂದ ಗುಣಿಸುವ ಸೂತ್ರ ಬಳಸಿದೆ. ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಎ ಪ್ಲಸ್, ಬಿ ಪ್ಲಸ್ ಎಂಬ ಗ್ರೇಡುಗಳಿದ್ದರೂ ಜೊತೆಗೆ ಅಂಕ ಇದ್ದೇ ಇರುತ್ತದೆ, ಅಲ್ಲಿ ಪರಿವರ್ತನೆಯ ಮಾತೇ ಬರುವುದಿಲ್ಲ.

ಹಂತ 6: ಅರ್ಜಿಯ ಖಾನೆ ತುಂಬಿ

ಮೊದಲು ಅಧಿಸೂಚನೆಯಲ್ಲಿ 'ಗ್ರೇಡ್' ಅಥವಾ 'ಸಿಜಿಪಿಎ' ಎಂಬ ಪದ ಹುಡುಕಿ. ಅಲ್ಲಿ ಏನು ಹೇಳಿದೆಯೋ ಅದೇ ಅಂತಿಮ. ಈ ಲೇಖನದ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ಸಿಜಿಪಿಎ ಎಂಬ ಆಯ್ಕೆ ಪ್ರತ್ಯೇಕವಾಗಿ ಇದ್ದರೆ ಅದನ್ನೇ ಆರಿಸಿ, ಪ್ರಮಾಣಪತ್ರದಲ್ಲಿ ಇರುವ ಸಂಖ್ಯೆಯನ್ನು ಹಾಗೇ ಬರೆಯಿರಿ, ಗರಿಷ್ಠ 10 ಎಂದು ಕೊಡಿ. ಶೇಕಡಾವಾರು ಖಾನೆಯೊಂದೇ ಇದ್ದರೆ 9.5ರಿಂದ ಗುಣಿಸಿದ ಸಂಖ್ಯೆ. ಗರಿಷ್ಠ ಅಂಕ, ಪಡೆದ ಅಂಕ ಎರಡೂ ಕಡ್ಡಾಯವಾಗಿದ್ದು, ಅಧಿಸೂಚನೆ ಏನೂ ಹೇಳದಿದ್ದರೆ ಗರಿಷ್ಠ 100, ಪಡೆದದ್ದು 87.4 ಎಂಬಂತೆ ಬರೆಯುವುದು ಸರಳ. ಚುಕ್ಕೆ ತೆಗೆದುಕೊಳ್ಳದ ಫಾರಂ ಆದರೆ 500ಕ್ಕೆ ಲೆಕ್ಕ ಹಾಕಿ: ಶೇ 87.4 ಎಂದರೆ 437. ಸಿಜಿಪಿಎಯ ಕೊನೆಯ ಅಂಕಿ ಸಮಸಂಖ್ಯೆ ಆದ್ದರಿಂದ ಶೇಕಡಾವನ್ನು 5ರಿಂದ ಗುಣಿಸಿದಾಗ ಕೆಲವು ಕಡೆ ಪೂರ್ಣಸಂಖ್ಯೆ, ಕೆಲವು ಕಡೆ ಅರ್ಧ ಬರುತ್ತದೆ. ಅರ್ಧ ಬಂದರೆ ಕೆಳಗಿನ ಸಂಖ್ಯೆಯನ್ನೇ ಬರೆಯಿರಿ. ಮೇಲಕ್ಕೆ ಏರಿಸುವ ಅಭ್ಯಾಸ ಬೇಡ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅಧಿಸೂಚನೆಗಳು ಪದವಿಯ ಅಂಕದ ವಿಚಾರದಲ್ಲಿ 59.99 ಇದ್ದರೂ 60ಕ್ಕಿಂತ ಕಡಿಮೆ ಎಂದೇ ಪರಿಗಣಿಸುತ್ತೇವೆ ಎಂದು ಸ್ಪಷ್ಟವಾಗಿ ಬರೆದಿರುತ್ತವೆ. ಅದೇ ಶಿಸ್ತು ಎಲ್ಲ ಕಡೆ ಪಾಲಿಸಿದರೆ ಮೋಸ ಹೋಗುವ ಪ್ರಸಂಗವೇ ಇಲ್ಲ.

ಹತ್ತನೇ ತರಗತಿಯ ಅಂಕವೇ ನಿರ್ಣಾಯಕವಾಗುವ ದೊಡ್ಡ ನೇಮಕಾತಿ ಎಂದರೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್. ಅಲ್ಲಿ ಲಿಖಿತ ಪರೀಕ್ಷೆ ಇಲ್ಲ. ಹತ್ತನೇ ತರಗತಿಯ ಶೇಕಡಾವನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕಿ ಮೆರಿಟ್ ಪಟ್ಟಿ ಮಾಡುತ್ತಾರೆ. ಗ್ರೇಡ್ ಮಾತ್ರ ಇರುವವರಿಗೆ 9.5ರ ಗುಣಾಕಾರವನ್ನೇ ಅವರ ಅಧಿಸೂಚನೆಗಳು ಹೇಳಿವೆ. ಅಂಕವೂ ಗ್ರೇಡೂ ಎರಡೂ ಇರುವ ಅಂಕಪಟ್ಟಿಯವರು ಅಂಕವನ್ನೇ ಕೊಡಬೇಕು, ಗ್ರೇಡ್ ಕೊಟ್ಟರೆ ಅರ್ಜಿ ತಿರಸ್ಕಾರವಾಗಬಹುದು ಎಂಬ ಎಚ್ಚರಿಕೆಯೂ ಇರುತ್ತದೆ. 2018ರ ನಂತರದ ಸಿಬಿಎಸ್‌ಇಯವರಿಗೆ ಇದು ಅನ್ವಯ. ಕರ್ನಾಟಕ ವೃತ್ತದ ಹುದ್ದೆಗೆ ಕನ್ನಡವನ್ನು ಹತ್ತನೇ ತರಗತಿಯ ಮಟ್ಟದವರೆಗೆ ಓದಿರಬೇಕೆಂಬ ಷರತ್ತು ಇರುವುದರಿಂದ, ಮೊದಲೇ ಹೇಳಿದ 015ರ ಸಾಲು ಇಲ್ಲಿ ಕೈಹಿಡಿಯುತ್ತದೆ. ಕೇವಲ ಹಿಂದಿ, ಸಂಸ್ಕೃತ ಆರಿಸಿದ್ದವರು ಅರ್ಜಿ ಹಾಕುವ ಮೊದಲೇ ಈ ಷರತ್ತನ್ನು ಓದಿಕೊಳ್ಳಿ.

ಕೆಲವು ಅಧಿಸೂಚನೆಗಳು ಶೇಕಡಾದ ಗೋಜಿಗೆ ಹೋಗದೆ ನೇರ ಗ್ರೇಡನ್ನೇ ಹೆಸರಿಸುವುದೂ ಉಂಟು. ಸೇನೆಯ ಅಗ್ನಿವೀರ್ ಜನರಲ್ ಡ್ಯೂಟಿ ಹುದ್ದೆಗೆ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಎಂದು ಹೇಳಿ, ಗ್ರೇಡ್ ಪದ್ಧತಿಯವರಿಗೆ ಪ್ರತಿ ವಿಷಯದಲ್ಲಿ ಡಿ, ಒಟ್ಟಾರೆ ಸಿ2 ಎಂದು ಬರೆದಿದ್ದಾರೆ. ಎಲ್ಲ ಇಲಾಖೆಗಳೂ ಹೀಗೆ ಒಂದು ಸಾಲು ಸೇರಿಸಿದ್ದರೆ ಎಷ್ಟು ಜನರ ಗೊಂದಲ ತಪ್ಪುತ್ತಿತ್ತು!

ಹಂತ 7: ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ

ಪ್ರಮಾಣಪತ್ರದ ಎರಡೂ ಬದಿ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಮಾಡಿ. ಮುಂಬದಿಯ ಫೋಟೊ ಒಂದನ್ನೇ ಅಪ್‌ಲೋಡ್ ಮಾಡುವವರೇ ಹೆಚ್ಚು. ಗ್ರೇಡ್ ಪಟ್ಟಿ, ಪರಿವರ್ತನೆಯ ಸೂತ್ರ ಇರುವ ಟಿಪ್ಪಣಿ ಕತ್ತರಿಸಿ ಹೋದರೆ, ನೀವು ಬರೆದ 87.4ಕ್ಕೆ ಆಧಾರ ಏನು ಎಂದು ಪರಿಶೀಲಿಸುವವರು ಕೇಳುವುದು ಸಹಜ. ಆ ಟಿಪ್ಪಣಿಯೇ ನಿಮ್ಮ ಪುರಾವೆ. 'ಪರಿವರ್ತನಾ ಪ್ರಮಾಣಪತ್ರ' ಬೇಕೆಂದು ಯಾರಾದರೂ ಪಟ್ಟು ಹಿಡಿದರೂ ಮೊದಲು ಇದನ್ನೇ ತೋರಿಸಿ. ಹಳೆಯ ಶಾಲೆಗೆ ಹೋಗಿ ಲೆಟರ್‌ಹೆಡ್‌ನಲ್ಲಿ ಅಂಕ ಬರೆಸಿಕೊಂಡು ಬರುವ ದಾರಿ ಹಿಡಿಯಬೇಡಿ. ಅಂಥ ಪತ್ರ ಬೋರ್ಡಿನ ದಾಖಲೆಯಾಗುವುದಿಲ್ಲ, ಪ್ರಮಾಣಪತ್ರದ ಜೊತೆ ತಾಳೆಯಾಗದಿದ್ದರೆ ಇದ್ದ ಕಷ್ಟದ ಮೇಲೆ ಇನ್ನೊಂದು.

ಡಿಜಿಲಾಕರ್‌ನಲ್ಲಿ ಸಿಬಿಎಸ್‌ಇಯ ದಾಖಲೆ ಭಂಡಾರವಾದ ಪರಿಣಾಮ್ ಮಂಜೂಷಾದಿಂದ ಹಳೆಯ ಹತ್ತನೇ ತರಗತಿಯ ಫಲಿತಾಂಶಗಳೂ ಸಿಗುತ್ತವೆ. ವರ್ಷ, ರೋಲ್ ನಂಬರ್ ಬೇಕು. ರೋಲ್ ನಂಬರ್ ಮರೆತಿದ್ದರೆ ಪ್ರವೇಶಪತ್ರದಲ್ಲಿ, ಇಲ್ಲವೇ ಪಿಯು ಕಾಲೇಜಿಗೆ ಸೇರುವಾಗ ಕೊಟ್ಟ ಜೆರಾಕ್ಸ್ ಪ್ರತಿಯಲ್ಲಿ ಹುಡುಕಿ. ಡಿಜಿಲಾಕರ್ ಪ್ರತಿ ಮತ್ತು ಮೂಲ ಪ್ರತಿಯಲ್ಲಿ ನಿಮ್ಮ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಅಕ್ಷರಶಃ ಒಂದೇ ಇವೆಯೇ ನೋಡಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬ ಸಣ್ಣ ವ್ಯತ್ಯಾಸ ಆಧಾರ್ ಜೊತೆ ತಾಳೆ ಮಾಡುವಾಗ ದೊಡ್ಡದಾಗುತ್ತದೆ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗುವುದರಿಂದ ಈ ತೊಡಕು ಇನ್ನೂ ಹೆಚ್ಚು.

ಮೂಲ ಪ್ರತಿ ಕಳೆದುಹೋಗಿದ್ದರೆ ಸಿಬಿಎಸ್‌ಇ ಜಾಲತಾಣದ ನಕಲು ದಾಖಲೆ ವ್ಯವಸ್ಥೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿ ಶುಲ್ಕ ಕಟ್ಟಬಹುದು. ಸಿಸಿಇ ಕಾಲದಲ್ಲಿ ಕರ್ನಾಟಕದ ಶಾಲೆಗಳು ಚೆನ್ನೈ ಪ್ರಾದೇಶಿಕ ಕಚೇರಿಯ ಅಡಿಯಲ್ಲಿದ್ದವು, ಬೆಂಗಳೂರಿನ ಪ್ರಾದೇಶಿಕ ಕಚೇರಿ ಬಂದದ್ದು ಆಮೇಲೆ. ಹಾಗಾಗಿ ಹಳೆಯ ಪ್ರಮಾಣಪತ್ರದಲ್ಲಿ ಚೆನ್ನೈ ಎಂದು ಕಂಡರೆ ಗಾಬರಿಯಾಗಬೇಡಿ.

ಪಾಸ್‌ಪೋರ್ಟ್ ಮಾಡಿಸುವವರಿಗೂ ಇದೇ ಪ್ರಮಾಣಪತ್ರ ಸಾಕು. ಹತ್ತನೇ ತರಗತಿ ತೇರ್ಗಡೆ ನಾನ್-ಇಸಿಆರ್ (ಹೊರದೇಶದ ಕೆಲಸಕ್ಕೆ ವಲಸೆ ಅನುಮತಿ ಬೇಕಿಲ್ಲದ) ವರ್ಗಕ್ಕೆ ಒಂದು ಆಧಾರ, ಹುಟ್ಟಿದ ದಿನಾಂಕಕ್ಕೂ ಇದು ಪುರಾವೆ. ಕೌಂಟರಿನಲ್ಲಿ 'ಪಾಸ್ ಎಂದು ಎಲ್ಲಿದೆ?' ಎಂದು ಕೇಳಿದರೆ 'ಕ್ಯೂಯುಎಎಲ್' ಎಂದಿರುವ ಜಾಗ ತೋರಿಸಿ, ಅದರ ವಿವರಣೆ ಇರುವ ಟಿಪ್ಪಣಿಯನ್ನೂ ತೋರಿಸಿ. ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ಶೇಕಡಾವನ್ನು ತಾವಾಗಿಯೇ ಬರೆಯದೆ, ಗ್ರೇಡುಗಳನ್ನು ಹಾಗೇ ನಮೂದಿಸಿ ಗ್ರೇಡ್ ಪಟ್ಟಿಯ ಪುಟವನ್ನು ಲಗತ್ತಿಸುವುದು ಮೇಲು. ಪಾಯಿಂಟ್ ಪದ್ಧತಿ ಅವರಿಗೆ ಹೊಸದಲ್ಲ. ಇಂಗ್ಲಿಷ್‌ನಂಥ ಒಂದು ವಿಷಯದ ಶೇಕಡಾ ಕೇಳಿದರೆ ಮಾತ್ರ ಆ ವಿಷಯದ ಗ್ರೇಡ್ ಪಾಯಿಂಟನ್ನು 9.5ರಿಂದ ಗುಣಿಸಿ, ಪಕ್ಕದಲ್ಲಿ 'ಬೋರ್ಡಿನ ಸೂತ್ರದಂತೆ ಸೂಚಕ ಶೇಕಡಾ' ಎಂದು ಬರೆಯಿರಿ.